ಕರಡಿಗೆ ಹಿಡಿದು ಹುಮನಾಬಾದಿಗೆ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿ ಬರುವುದನ್ನು ನಮ್ಮ ಕಡೆ ಯಾರೂ ಪ್ರವಾಸ ಎನ್ನುವುದಿಲ್ಲ. ಮದುವೆಯ ಸೀರೆ ತರಲು ಹೋಗುತ್ತಾರೆ, ವೀರಭದ್ರ ದೇವರಿಗೆ ಕಾಯಿ ಒಡೆಸಲು ಹೋಗುತ್ತಾರೆ, ಸಂಜೆಯ ರೊಟ್ಟಿ ಬಡಿಯುವ ಹೊತ್ತಿಗೆ ಮನೆ ಮುಟ್ಟುತ್ತಾರೆ. ನಾನೂ ಹಾಗೆ ಎಷ್ಟೋ ಸಲ ಹೋಗಿಬಂದವಳು. ಆದರೆ ಈ ಶ್ರಾವಣದಲ್ಲಿ ಒಬ್ಬಳೇ ಹೋದ ಆ ಒಂದು ದಿನ, ಅದೇ ಡಾಂಬರು ರಸ್ತೆ, ಅದೇ ಕೆಂಪು ಬಸ್ಸು, ನನಗೆ ಕಾಣದ ದೇಶದ ಹಾಗೆ ಕಂಡವು. ಹೆದರಿಕೆಯಿಂದ ಹೋದವಳಿಗೆ ಗೊತ್ತಿರುವ ದಾರಿಯೂ ಹೊಸದೇ.

ನಮ್ಮವರು ವಿಶ್ವವಿದ್ಯಾಲಯದ ಒಂದು ಕೇಂದ್ರದಲ್ಲಿ ಗ್ರಂಥಾಲಯ ಸಹಾಯಕರು. ಸೇರಿದಾಗ ಯಾವ ಕುರ್ಚಿಯಲ್ಲಿ ಕೂತರೋ ಅದೇ ಕುರ್ಚಿ. ಅವರ ಕೈಯಲ್ಲಿ ಕೆಲಸ ಕಲಿತ ಹುಡುಗರು ಮೇಲಿನ ಹುದ್ದೆಗೆ ಹೋದರು, ಇವರು ಹೋಗಲಿಲ್ಲ. ಬಡ್ತಿ ಬೇಕಾದರೆ ಬೋಧಕೇತರ ಸಿಬ್ಬಂದಿಗೆಂದು ನಡೆಸುವ ಕೌಶಲ ತರಬೇತಿ ಮುಗಿಸಬೇಕು, ಕಡೆಯ ದಿನ ದೊಡ್ಡವರ ಎದುರು ನಿಂತು ತಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಹಿಂದೊಮ್ಮೆ ಹೋಗಿದ್ದರು. ಎದ್ದು ನಿಂತವರಿಗೆ ಮಾತೇ ಹೊರಡಲಿಲ್ಲ. ಮನೆಗೆ ಬಂದು, "ಬಾಯಿ ಬರ್ಲಿಲ್ಲ" ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮುಂದಿನ ಸಲಕ್ಕೆ ಇವರ ವಯಸ್ಸು ಮೀರುತ್ತದೆ. ಹುಮನಾಬಾದಿನ ಒಂದು ಕಾಲೇಜಿನಲ್ಲಿ ನಡೆದ ಈ ಸಲದ ತರಬೇತಿಯೇ ಕೊನೆಯದು.

ಅದಕ್ಕೇ ಈ ಸಲ ಮನೆಯಲ್ಲೇ ಅಭ್ಯಾಸ ನಡೆದಿತ್ತು. ನಾನು ರೊಟ್ಟಿ ಬಡಿಯುವಾಗ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೇ ಭಾಷಣ ಮಾಡುತ್ತಿದ್ದರು. "ಮಾನ್ಯರೇ, ಗ್ರಂಥಾಲಯ ಎಂದರೆ ಬರೀ ಪುಸ್ತಕಗಳ ಕೋಣೆಯಲ್ಲ..." ನನ್ನ ಕೈ ನಿಂತರೆ ಅವರ ಮಾತೂ ನಿಲ್ಲುತ್ತಿತ್ತು. "ಯಾಕ ನಿಲ್ಸಿದಿ? ಬಡಿ, ಬಡಿ" ಎನ್ನುತ್ತಿದ್ದರು. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಎಲ್ಲ ಮಾತೂ ನನಗೆ ಬಾಯಿಪಾಠವಾಗಿತ್ತು.

ಆ ಕಡೆಯ ದಿನ ಅವರು ಬೆಳಗಾಗುತ್ತಲೇ ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮಾಡಿಕೊಂಡು, ಲಿಂಗ ಅಂಗೈಯಲ್ಲಿರುವಾಗಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು. ಮಂಡಕ್ಕಿಯ ಸುಸಲಾ ಮಾಡಿಕೊಟ್ಟೆ. ಹೆದರಿಕೆಗೆ ತಟ್ಟೆ ಮುಟ್ಟಲಿಲ್ಲ. "ಅಲ್ಲೇ ನಡುವ ಏನರೆ ತಿಂತೀನಿ" ಎಂದು ಹೊಸ ಅಂಗಿ ತೊಟ್ಟರು. ಬಸ್ಸಿಗೆ ಕಾಯುತ್ತಿದ್ದ ಜೊತೆಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಹೊಸ್ತಿಲು ದಾಟುವ ಮುಂಚೆ ಎಂದಿನಂತೆ ಎದೆಯ ಮೇಲೆ ಒಮ್ಮೆ ಕೈಯಿಟ್ಟು ನೋಡಿಕೊಂಡರು. ಹೋದರು.

ನಾನು ಮನೆಗೆಲಸವೆಲ್ಲ ಮುಗಿಸಿ, ಸ್ನಾನ ಮಾಡಿ ದೇವರ ಜಗಲಿ ಒರೆಸಲು ಹೋದರೆ, ವಿಭೂತಿಯ ಪಕ್ಕದ ತಟ್ಟೆಯಲ್ಲಿ ಅವರ ಇಷ್ಟಲಿಂಗ ಕೂತಿದೆ. ಅದನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ ಬಾಯಿ ತೆರೆದು ಮಗ್ಗುಲಿಗಿದೆ. ಶಿವದಾರ ನೆಲಕ್ಕೆ ಇಳಿಬಿದ್ದಿದೆ.

ಕೈಯಲ್ಲಿದ್ದ ಅರಿವೆ ಅಲ್ಲೇ ಬಿತ್ತು. ಎದೆ ಮುಟ್ಟಿ ನೋಡಿಕೊಂಡವರು ಹೇಗೆ ಬಿಟ್ಟುಹೋದರು? ಆಮೇಲೆ ತಿಳಿಯಿತು. ತರಬೇತಿಯವರು ಮೊದಲ ದಿನವೇ ಒಂದು ದಪ್ಪನೆಯ ಐಡಿ ಕಾರ್ಡು ಕೊಟ್ಟಿದ್ದರು. ನೀಲಿ ಪಟ್ಟಿಯಲ್ಲಿ ಕೊರಳಿಗೆ ಹಾಕಿಕೊಳ್ಳುವುದು, ಅಂಗೈಯಗಲದ್ದು, ಕೆಳಗೆ ಕಬ್ಬಿಣದ ಕೊಂಡಿ. ಅವಸರದಲ್ಲಿ ಅದನ್ನು ಹಾಕಿಕೊಂಡಿದ್ದರು. ಕೊರಳಿಗೊಂದು ಭಾರ ಸಿಕ್ಕಿತು, ಎದೆಗೊಂದು ಗಟ್ಟಿ ವಸ್ತು ತಗುಲಿತು, ಕೈ ಒಪ್ಪಿಕೊಂಡಿತು. ನಾನು ಎದುರಿಗೇ ನಿಂತು ನೋಡಿದವಳು, ನನಗೂ ಗೊತ್ತಾಗಲಿಲ್ಲ.

ಲಿಂಗ ಮೈಮೇಲೆ ಇಲ್ಲದೆ ನಮ್ಮವರು ಹನಿ ನೀರನ್ನೂ ಬಾಯಿಗೆ ಬಿಡುವವರಲ್ಲ. ಲಗ್ನವಾದಾಗಿನಿಂದ ನೋಡಿದ್ದೇನೆ. ಈಗಿನ ಕಾಲದಲ್ಲಿ ಅಷ್ಟು ಬಿಗಿ ಯಾಕೆ ಎನ್ನುವವರು ನಮ್ಮವರಲ್ಲೇ ಇದ್ದಾರೆ; ಅವರವರ ನೇಮ ಅವರಿಗೆ. ಇವರದು ಹೀಗೆ. ಹೋದ ವರ್ಷ ಮಾತ್ರೆ ನುಂಗಿ ಊಟ ತಡವಾಗಿ, ಪುಸ್ತಕದ ಕಪಾಟುಗಳ ನಡುವೆ ಬೆವತು ಕುಸಿದುಬಿದ್ದಿದ್ದರು. ಡಾಕ್ಟರರು ನನ್ನನ್ನು ಕರೆದು, ಮಾತ್ರೆಯ ಮೇಲೆ ಹೊಟ್ಟೆ ಖಾಲಿ ಬಿಟ್ಟರೆ ಜೀವಕ್ಕೇ ಮುಳುವು ಎಂದು ಹೇಳಿದ್ದರು. ಈಗ ಹೊಟ್ಟೆಯಲ್ಲಿ ಮಾತ್ರೆ ಇದೆ, ಅನ್ನವಿಲ್ಲ. ಇವರು ಊಟದ ಹೊತ್ತಿನ ಸುಮಾರಿಗೆ ಮಾತಾಡಲು ಎದ್ದು ನಿಲ್ಲಬೇಕು.

ಫೋನು ಮಾಡಿದೆ. ಬಂದ್ ಇತ್ತು. ಪರೀಕ್ಷೆಯ ದಿನ ಎಲ್ಲರ ಫೋನನ್ನೂ ಗೇಟಿನಲ್ಲೇ ತೆಗೆದಿಡುತ್ತಾರೆ ಎಂದು ಅವರೇ ಹೇಳಿದ್ದರು. ಜೊತೆಯವರದೂ ಬಂದ್. ಅತ್ತೆಯವರಿಗೆ ಹೇಳಿದೆ. ಅವರು ಬಂದು ತಟ್ಟೆ ನೋಡಿದರು.

"ಅವ ಒಂದ್ ಗುಟುಕೂ ಕುಡ್ಯಾಂಗಿಲ್ಲ, ಶಾಂತಾ. ಅವರಪ್ಪಂದು ಒಮ್ಮಿ ಬಾವ್ಯಾಗ ಬಿದ್ದಿತ್ತು. ನೀರು ಸೇದಿ ತೆಗ್ಯೂತನಕ ಬಾವಿ ಕಟ್ಟೀಮ್ಯಾಲೇ ಕುಂತಿದ್ರು. ಅವರಿಗೆ ಸಕ್ರಿ ಇರ್ಲಿಲ್ಲ, ಉಳಕೊಂಡ್ರು."

"ಯಾರ ಕೈಯಾಗರೆ ಕಳಸ್ಲೇನ್ರಿ ಅತ್ತಿ?"

"ಮಂದಿ ಕೈಯಾಗ ಕೊಡೂದಲ್ಲ ಅದು. ನೀನs ಹೋಗು."

ಅತ್ತೆಯವರೇ ಮಡಿ ಬಟ್ಟೆಯಿಂದ ಲಿಂಗವನ್ನೆತ್ತಿ ಕರಡಿಗೆಯಲ್ಲಿಟ್ಟು ಮುಚ್ಚಿ, ಬಿಳಿ ವಸ್ತ್ರದಲ್ಲಿ ಸುತ್ತಿ ಕೊಟ್ಟರು. ಕೆಳಗಿಡಬೇಡ, ನಾಭಿಯಿಂದ ಕೆಳಗೆ ಇಳಿಸಬೇಡ, ಅವನ ಕೈಗೆ ಮುಟ್ಟುವವರೆಗೆ ನೀನೂ ಏನೂ ತಿನ್ನಬೇಡ ಎಂದರು. ಒಂದು ಚೂರು ಬೆಲ್ಲ ಸೆರಗಿನ ತುದಿಗೆ ಕಟ್ಟಿಕೊಂಡೆ. ಕರಡಿಗೆಯನ್ನು ಎದೆಗೊತ್ತಿ, ಮೇಲೆ ಸೆರಗು ಹೊದ್ದು ಹೊರಟೆ. ಓಣಿಯ ಕೊನೆಯಲ್ಲಿ ದೂರದ ಬಸವಣ್ಣನವರ ದೊಡ್ಡ ಮೂರ್ತಿ ಮಳೆಯ ಮಬ್ಬಿನಲ್ಲಿ ಕಂಡಿತು. ಕೈಮುಗಿಯಲು ಕೈ ಖಾಲಿ ಇರಲಿಲ್ಲ, ತಲೆಬಾಗಿಸಿದೆ.

ನಮ್ಮ ಓಣಿಯ ಖಾಜಾಭಾಯಿ ಟಂಟಂ ಆಟೋ ಓಡಿಸುತ್ತಾರೆ. ನನ್ನನ್ನು ನೋಡಿ ತಾವೇ ನಿಲ್ಲಿಸಿದರು.

"ಯಾಕ ಭಾಭಿ, ಮುಖ ಹಿಂಗ್ಯಾಕ ಆಗ್ಯದ? ಅಮ್ಮಾ ಆರಾಮ್ ಇದ್ದಾರಲ್ಲ?"

"ಆರಾಮ್ ಇದ್ದಾರ್ರಿ. ನಮ್ಮನಿಯವರ ಒಂದು ವಸ್ತು ಮನ್ಯಾಗೇ ಉಳದದ. ಹುಮನಾಬಾದಿಗೆ ಮುಟ್ಟಸ್ಬೇಕು."

"ನೀವ್ಯಾಕ ಹೋಗ್ತೀರಿ, ತರ್ರಿ ಇಲ್ಲಿ. ಬಸ್ಸಿನ ಡ್ರೈವರ್ ಎಲ್ಲಾ ನನ್ನ ದೋಸ್ತರs ಇದ್ದಾರ, ಕಳಸ್ತೀನಿ."

"ಕಳಸೋ ವಸ್ತು ಅಲ್ಲ ಭಾಯಿ."

ಅವರು ನನ್ನ ಕೈ ಇದ್ದ ಕಡೆ ನೋಡಿದರು. ತಿಳಿಯಿತು. "ಕೂಡ್ರಿ" ಎಂದರು. ಸೀಟು ತುಂಬುವ ತನಕ ಬಸ್ ಸ್ಟ್ಯಾಂಡಿನ ಮುಂದೆ ನಿಲ್ಲುವ ಆ ಟಂಟಂ, ಅಂದು ಮೂವರನ್ನೇ ಹೊತ್ತು ಹೆದ್ದಾರಿ ಸೇರುವ ಸಸ್ತಾಪುರ ಬಂಗ್ಲಾ ನಿಲ್ದಾಣದ ಕಡೆ ಓಡಿತು. ಇದು ಆ ದಿನದ ಮೊದಲ ದಯೆ. ದಾರಿಯಲ್ಲಿ ಭಾಯಿ ಹಿಂದೆ ತಿರುಗದೆಯೇ ಹೇಳಿದರು: "ರೋಜಾದಾಗ ನಾನೂ ದಿನಪೂರ್ತಿ ಹನಿ ನೀರು ಮುಟ್ಟಾಂಗಿಲ್ಲ ಭಾಭಿ. ಏನೂ ಆಗಾಂಗಿಲ್ಲ. ಖರೆ, ನನಗ ಶುಗರ್ ಇಲ್ಲ. ಅಣ್ಣಾರಿಗೆ ಅದ. ಅದs ಫಿಕರ್." ಧೈರ್ಯ ಹೇಳಲು ಶುರು ಮಾಡಿದ ಮಾತು ಹೀಗೆ ಮುಗಿಯಿತು. ಇಳಿದಾಗ ಇಪ್ಪತ್ತು ರೂಪಾಯಿ ಚಾಚಿದರೆ ತೆಗೆದುಕೊಳ್ಳಲಿಲ್ಲ.

ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ. ಪುಣೆಯ ಕಡೆಯ ಲಾರಿಗಳು, ಹೈದರಾಬಾದಿನ ಕಡೆಯ ಲಾರಿಗಳು, ಗಾಳಿಗೆ ಮೈ ತೂಗುತ್ತದೆ. ಎರಡು ಬಸ್ಸು ಬಾಗಿಲಲ್ಲೂ ಜನ ತುಂಬಿಕೊಂಡು ನಿಲ್ಲಿಸದೆ ಹೋದವು. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲೆ ಶ್ರಾವಣದಲ್ಲಿ ಬಸ್ಸು ಹೀಗೇ. ನನಗೆ ಬೇಡದ ಚಿತ್ರಗಳೆಲ್ಲ ಕಾಣತೊಡಗಿದವು: ನೀಲಿ ಪಟ್ಟಿ, ಹೊಸ ಅಂಗಿ, ಯಾರದೋ ಕಾಲೇಜಿನ ತಣ್ಣನೆಯ ಫರಸಿ ನೆಲ. ಮೂರನೆಯ ಬಸ್ಸು ನಿಂತಿತು. ಹತ್ತಿ ಕಂಬಕ್ಕೆ ಭುಜ ಆನಿಸಿ ನಿಂತೆ.

"ಆಧಾರ್ ತೋರಸ್ರಿ ಅಕ್ಕಾ" ಎಂದ ಕಂಡಕ್ಟರ್.

ಅವಸರದಲ್ಲಿ ಅದನ್ನು ತಂದಿರಲಿಲ್ಲ. "ಇಲ್ರೀಪಾ, ರೊಕ್ಕ ತಗೋರಿ" ಎಂದೆ.

"ಆ ಕೈ ತಗದು ಕಂಬ ಹಿಡೀರಿ. ಎದಿ ನೋಯಾಕತ್ತದೇನು?"

"ಇಲ್ರಿ."

"ಮತ್ತ ಎರಡೂ ಕೈಲೆ ಹಿಡೀರಿ, ಬೀಳ್ತೀರಿ."

ನಾನು ಹಿಡಿಯಲಿಲ್ಲ. ಅವನು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ ಮುಂದೆ ಹೋದ. ಬಸ್ಸಿನ ತುಂಬ ಬಿಟ್ಟಿ ಟಿಕೆಟಿನ ಹೆಂಗಸರ ನಡುವೆ ರೊಕ್ಕ ಕೊಟ್ಟು ನಿಂತವಳು ನಾನೊಬ್ಬಳೇ.

ಕಿಟಕಿಯ ಹತ್ತಿರ ಕೂತಿದ್ದ ಒಬ್ಬ ಮುದುಕಿ ನನ್ನ ಸೆರಗು ಜಗ್ಗಿದರು. ಹುಡಗಿ ಎಂಬ ಹಳ್ಳಿಯವರಂತೆ, ಮಂಠಾಳದಲ್ಲಿ ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟಿದ್ದರು. ಕಾಲ ಬುಡದಲ್ಲಿ ಬುಟ್ಟಿ.

"ಬಂಗಾರೇನ ತಂಗಿ?" ಎಂದು ಕಿವಿಯಲ್ಲಿ ಕೇಳಿದರು.

"ಅಲ್ಲಬೇ."

"ಅಲ್ಲಂದ್ರ ಹಂಗ್ಯಾಕ ಒತ್ತಿ ಹಿಡದೀ? ಕಳ್ಳರಿಗೆ ನೀನs ಕರದು ಹೇಳಿದಂಗ ಆತು. ಹಿಂದಿನ ಸೀಟಿನಾಗ ಟೊಪ್ಪಿಗಿ ಹಾಕ್ಕೊಂಡಾವ ಆವಾಗಿಂದ ನಿನ್ನs ನೋಡಾಕತ್ತಾನ."

ಅಲ್ಲಿಯವರೆಗೆ ಒಂದೇ ಹೆದರಿಕೆ ಇತ್ತು, ಈಗ ಎರಡಾದವು. ಬೆಳ್ಳಿ ಎಂದು ಯಾರಾದರೂ ಎಳೆದುಕೊಂಡರೆ ಏನು ಗತಿ? ಬೆಳ್ಳಿ ಹೋಗಲಿ, ಒಳಗಿರುವುದು? ಮುದುಕಿ ಸರಿದು ಅಂಗೈಯಗಲ ಜಾಗ ಮಾಡಿದರು. "ಕುಂಡ್ರು. ಬುಟ್ಟಿ ನಡುವ ಇಡ್ತೀನಿ. ಯಾವನ ಕೈ ಬರ್ತದ ಬರ್ಲಿ, ಕಚ್ಚೇಬಿಡ್ತೀನಿ." ಬಾಯಲ್ಲಿ ಹಲ್ಲು ಎರಡೋ ಮೂರೋ ಇದ್ದವು. ಅವರು ನಕ್ಕರು, ನನಗೂ ಅರ್ಧ ನಗೆ ಬಂತು. ಟೊಪ್ಪಿಗೆಯವನು ಮುಂದಿನ ಹಳ್ಳಿಯಲ್ಲಿ ಇಳಿದುಹೋದ. ಪಾಪ, ಅವನು ನೋಡುತ್ತಿದ್ದುದು ಕಿಟಕಿಯಾಚೆ ತನ್ನ ಊರು ಬಂತೇ ಎಂದಿರಬೇಕು.

ರಾಜೇಶ್ವರ ಊರು ದಾಟಿದ ಸ್ವಲ್ಪ ಹೊತ್ತಿಗೆ ಬಸ್ಸು ನಿಂತಿತು. ಮುಂದೆ ಒಂದು ಉದ್ದನೆಯ ಲಾರಿ ಜಾರಿ ರಸ್ತೆಗೆ ಅಡ್ಡವಾಗಿತ್ತು. ಇತ್ತ ಗಾಡಿಗಳ ಸಾಲು, ಅತ್ತಲೂ ಸಾಲು. ಡ್ರೈವರ್ ಇಂಜಿನ್ ಆರಿಸಿದ. ಎಡಬಲಕ್ಕೆ ಹೊಲಗಳಲ್ಲಿ ಸೋಯಾ, ನಡುನಡುವೆ ತೊಗರಿ, ಹಸಿರೆಂದರೆ ಹಸಿರು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ. ಅಂದು ಅವು ಬರೀ ಅಡ್ಡ ಬಿದ್ದುಕೊಂಡ ನೆಲ.

"ಯಾವಾಗ ಹೋಗ್ತದ್ರಿ?" ಎಂದು ಕಂಡಕ್ಟರನನ್ನು ಕೇಳಿದೆ.

"ಕ್ರೇನ್ ಬರ್ಬೇಕ್ರಿ ಅಕ್ಕಾ. ಅದು ಬರೂದು ದೇವ್ರಿಗೆ ಗೊತ್ತು."

ಮುದುಕಿ ನನ್ನ ಮುಖ ನೋಡಿದರು. ಇನ್ನು ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ. ಕೇಳಿ ಅವರ ಕೈ ತಾನಾಗಿ ಮುಗಿಯಿತು. "ಮತ್ತ ಇಲ್ಲ್ಯಾಕ ಕುಂತಿ? ಇಳಿ. ಲಾರಿ ದಾಟಿ ಆಕಡಿ ನಡಿ. ಆಕಡಿ ಗಾಡಿಗೋಳು ತಿರಿಗ್ಯಾಡಿ ಹೊಂಟಿರ್ತಾವ, ಒಂದಕ್ಕ ಕೈ ಮಾಡು" ಎಂದು ನನ್ನನ್ನು ಎಬ್ಬಿಸಿ ತಳ್ಳಿದರು. ನನಗೆ ಹೊಳೆಯದ ದಾರಿ. ಹೆದರಿಕೆಯಲ್ಲಿ ನಾನು ಕೂತಲ್ಲೇ ಕೂತಿರುತ್ತಿದ್ದೆ.

ಲಾರಿಯ ಪಕ್ಕ ರಸ್ತೆ ಬಿಟ್ಟು ಕೆಳಗಿಳಿಯಬೇಕಿತ್ತು. ಕಪ್ಪು ಮಣ್ಣು, ಮೇಲೆ ಜಿಟಿಜಿಟಿ ಮಳೆ. ನಾಲ್ಕು ಹೆಜ್ಜೆಗೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟಿತು. ಚಪ್ಪಲಿ ಕಳಚಿ ನಡೆದೆ. ಅಷ್ಟರಲ್ಲಿ ಕಾಲು ಜಾರಿತು. ಬೀಳುವಾಗ ಯಾರಾದರೂ ಕೈಯೂರುತ್ತಾರೆ. ನನ್ನ ಬಲಗೈ ಮೇಲಕ್ಕೆ ಹೋಯಿತು, ಮೊಣಕಾಲು ನೆಲಕ್ಕೆ ಬಡಿಯಿತು. ಕೆಸರಿನಲ್ಲಿ ಮೊಣಕಾಲೂರಿ, ಕರಡಿಗೆ ಹಿಡಿದ ಕೈಯನ್ನು ಆಕಾಶಕ್ಕೆತ್ತಿ ಎಷ್ಟು ಹೊತ್ತು ಹಾಗೇ ಇದ್ದೆನೋ. ನೆಲಕ್ಕೆ ತಾಗಲಿಲ್ಲ. ಬಿಳಿ ವಸ್ತ್ರಕ್ಕೆ ಒಂದು ಚಿಕ್ಕೆ ಕೆಸರೂ ಸಿಡಿದಿರಲಿಲ್ಲ. ಮೊಣಕಾಲು ಒಡೆದು ರಕ್ತ ಬಂದದ್ದು ಆಮೇಲೆ ಗೊತ್ತಾಯಿತು. ಒಡೆದದ್ದು ಮೊಣಕಾಲಷ್ಟೇ ಅಲ್ಲವೆ ಎಂದು ಶಿವನಿಗೆ ಶರಣೆಂದೆ.

ಆಚೆ ಬದಿಗೆ ಹಾಲಿನ ಕ್ಯಾನುಗಳ ಗಾಡಿಯೊಂದು ಹುಮನಾಬಾದಿನ ಕಡೆ ತಿರುಗುತ್ತಿತ್ತು. ಕೈ ಮಾಡಿದೆ. ಓಡಿಸುವವನು ನನ್ನ ಅವತಾರ ನೋಡಿ, "ದವಾಖಾನಿಗೇನ್ರಿ?" ಎಂದ. ಹೌದು ಎನ್ನಲೂ ಅಲ್ಲ ಎನ್ನಲೂ ಬಾಯಿ ಬರಲಿಲ್ಲ. ಹೌದಾಗದಿರಲಿ ಎಂದು ಬೇಡಿಕೊಳ್ಳುತ್ತ ಹತ್ತಿದೆ. ಖಾಲಿ ಕ್ಯಾನುಗಳು ದಾರಿಯುದ್ದಕ್ಕೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ನನಗೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅದರೊಳಗೇ ಅವರ ಭಾಷಣ ಓಡತೊಡಗಿತು: ಮಾನ್ಯರೇ, ಗ್ರಂಥಾಲಯ ಎಂದರೆ ಬರೀ ಪುಸ್ತಕಗಳ ಕೋಣೆಯಲ್ಲ.

ಹುಮನಾಬಾದ್ ಮುಟ್ಟಿದಾಗ ಮಳೆ ಜೋರಾಗಿತ್ತು. ವೀರಭದ್ರ ದೇವರ ಗುಡಿಯ ಕಡೆಗೆ ಮುಖ ಮಾಡಿ, ಆಮೇಲೆ ಬಂದು ಕೈ ಮುಗಿಯುತ್ತೇನೆ ಎಂದು ಹೇಳಿ ಆಟೋ ಹಿಡಿದೆ. ಕಾಲೇಜಿನ ಗೇಟು ಹಾಕಿತ್ತು. ಕಾವಲಿನವರು ವಯಸ್ಸಾದವರು, ಕೊಡೆ ಹಿಡಿದು ಸ್ಟೂಲಿನ ಮೇಲೆ ಕೂತಿದ್ದರು.

"ಫೋನ್ ಒಳಗ ಇಲ್ಲ, ಮಂದಿ ಒಳಗ ಇಲ್ಲ. ಟೆಸ್ಟ್ ನಡದದ" ಎಂದರು.

"ನಮ್ಮನಿಯವರು ಒಳಗಿದ್ದಾರ್ರಿ. ಇದೊಂದು ಕೊಟ್ಟು ಹೋಗ್ತೀನಿ."

"ಚೀಟಿಯಿಂದ ಹಿಡದು ಚಪಾತಿತನಕ ಹೊರಗಿಂದು ಏನೂ ಒಳಗ ಹೋಗಾಂಗಿಲ್ರಿ. ಹೋಗಿ ಸಿಕ್ಕರ ಅವರ ಹೆಸರs ಹೊಡದುಬಿಡ್ತಾರ. ಸಾಹೇಬ್ರು ಮುಂಜಾನಿನೇ ಎಲ್ಲಾರಿಗೂ ಹೇಳ್ಯಾರ."

ಈ ಹೊಸ ಹೆದರಿಕೆಯನ್ನು ನಾನು ಎಣಿಸಿಯೇ ಇರಲಿಲ್ಲ. ಕೊಡದಿದ್ದರೆ ಅವರ ಜೀವಕ್ಕೆ ಭಯ, ಕೊಟ್ಟರೆ ಬಡ್ತಿಗೆ. ಸೆರಗು ಸರಿಸಿ ವಸ್ತ್ರದ ಗಂಟನ್ನು ತೋರಿಸಿ ಹೇಳಿದೆ. ಕಾವಲಿನವರು ಎದ್ದು ನಿಂತರು.

"ನಾ ಮುಟ್ಟಾಂಗಿಲ್ಲವಾ ಅದನ್ನ. ಒಳಗ ಬಿಡಾಕೂ ನನಗ ಹುಕುಂ ಇಲ್ಲ." ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದರು. "ಖರೆ, ಇಂಥಾ ಮಳ್ಯಾಗ ಹೆಣ್ಮಗಳನ್ನ ಹೊರಗ ನಿಲ್ಲಸಂತ ಯಾರೂ ಹೇಳಿಲ್ಲ. ಹಿಂದಿನ ಪಡಸಾಲ್ಯಾಗ ನಿಂದ್ರಿ ಹೋಗ್ರಿ. ಊಟಕ್ಕ ಬಿಟ್ಟಾಗ ನಳದ ಕಡೆ ಬರ್ತಾರ, ಆವಾಗ ನೋಡೂಣು."

ಬೆಳಗಿನಿಂದ ಬೈಯುತ್ತಾ ಬಂದಿದ್ದ ಮಳೆಯೇ ನನ್ನನ್ನು ಗೇಟಿನೊಳಗೆ ಬಿಟ್ಟಿತು.

ಹಿಂದಿನ ಪಡಸಾಲೆಯಲ್ಲಿ ಒಡೆದ ಬೆಂಚುಗಳ ರಾಶಿ. ಒಂದು ಕಿಟಕಿ ತೆರೆದಿತ್ತು, ಅಡ್ಡಕ್ಕೆ ಕಬ್ಬಿಣದ ಸರಳು. ಒಳಗಿನಿಂದ ಒಂದು ದನಿ ಬಂತು. "ಮಾನ್ಯರೇ, ಗ್ರಂಥಾಲಯ ಎಂದರೆ ಬರೀ ಪುಸ್ತಕಗಳ ಕೋಣೆಯಲ್ಲ."

ಸರಳಿನ ಅಂಚಿನಿಂದ ನೋಡಿದೆ. ಮೇಜಿನ ಹಿಂದೆ ಮೂವರು. ನಡುವಿನವರು ಕನ್ನಡಕದ ಒಬ್ಬ ಮೇಡಂ. ಎದುರಿಗೆ ನಮ್ಮವರು. ಮುಖದಲ್ಲಿ ಬಣ್ಣವಿರಲಿಲ್ಲ. ಹೊಸ ಅಂಗಿ ಬೆನ್ನಿಗೆ ಅಂಟಿತ್ತು. ಎಡಗೈ ಎದೆಯ ಮೇಲಿನ ಕಾರ್ಡಿಗೆ ಹೋಗುವುದು, ಮುಟ್ಟುವುದು, ಬೆಂಕಿ ತಾಗಿದಂತೆ ಹಿಂದೆ ಬರುವುದು. ಆದರೂ ಮಾತಾಡುತ್ತಿದ್ದರು. ಹಳ್ಳಿಯಿಂದ ಬಂದು ಬಾಗಿಲು ಹಾಕುವ ತನಕ ಓದುವ ಮಕ್ಕಳ ಮಾತು ಬಂತು. ಮೊದಲು ಕೈಬರಹದ ಪುಸ್ತಕದಲ್ಲಿದ್ದುದೆಲ್ಲ ಕಂಪ್ಯೂಟರಿಗೆ ಹೋದ ಮಾತು ಬಂತು. ನನ್ನ ತುಟಿಯೂ ಜೊತೆಗೆ ಆಡುತ್ತಿತ್ತು. "ಈ ತರಬೇತಿಯಲ್ಲಿ ನಾನು ಕಲಿತದ್ದೆಂದರೆ," ಎಂದರು.

ನಿಂತರು.

ಮುಂದಿನ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರ ಕೈ ಮೇಜಿನ ಅಂಚನ್ನು ಹಿಡಿಯಿತು. ಬೆರಳು ನಡುಗುತ್ತಿದ್ದವು. ಕಪಾಟುಗಳ ನಡುವೆ ಬಿದ್ದ ದಿನವೂ ಮೊದಲು ಬೆರಳು ನಡುಗಿದ್ದವು ಎಂದು ಅವರೇ ಹೇಳಿದ್ದರು.

"ಗಾಬರಿಯಾಗಬೇಡಿ. ನೀರು ಕುಡಿದು ನಿಧಾನವಾಗಿ ಹೇಳಿ" ಎಂದು ಮೇಡಂ ಗ್ಲಾಸು ಮುಂದಕ್ಕೆ ಸರಿಸಿದರು. ದಕ್ಷಿಣದ ಕಡೆಯ ಕನ್ನಡ ಅವರದು.

ಇವರು ಗ್ಲಾಸನ್ನು ನೋಡಿದರು. ಮುಟ್ಟಲಿಲ್ಲ. "ಒಲ್ಲೆನ್ರಿ" ಎಂದರು.

ಪಕ್ಕದವರು ಗಡಿಯಾರ ನೋಡಿದರು. "ಸಮಯ ಹೋಗ್ತಾ ಇದೆ. ಮುಂದೆ ಹೇಳೋಕೆ ಆಗುತ್ತೋ ಇಲ್ಲವೋ?"

ಇವರು ಬಾಯಿ ತೆರೆದರು. ಮಾತು ಬರಲಿಲ್ಲ. ಮಾತು ಮರೆತಿದ್ದಾರೆ ಎಂದು ಆ ಮೂವರೂ ತಿಳಿದರು. ಬಾಯಿ ಒಣಗಿದೆ, ಕಣ್ಣು ಕತ್ತಲಿಡುತ್ತಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಆಗ ನನಗೆ ಬಡ್ತಿ, ಹೆಸರು, ಸಾಹೇಬರ ಹುಕುಂ ಯಾವುದೂ ಉಳಿಯಲಿಲ್ಲ. ಕಿಟಕಿಯ ನಡುವಿಗೆ ಬಂದು ನಿಂತೆ.

"ನಾ ಬಂದೀನ್ರಿ" ಎಂದೆ. "ತಂದೀನಿ."

ನಾಲ್ಕು ಮುಖಗಳೂ ತಿರುಗಿದವು. ವಸ್ತ್ರ ಬಿಚ್ಚಿ ಕರಡಿಗೆಯನ್ನು ಸರಳಿಗೆ ಹಿಡಿದೆ. ನಮ್ಮವರು ಒಂದು ಕ್ಷಣ ಮೇಜನ್ನು ನೋಡಿದರು, ಒಂದು ಕ್ಷಣ ನನ್ನನ್ನು. ಆಮೇಲೆ ಯಾರನ್ನೂ ಕೇಳದೆ ಕಿಟಕಿಗೆ ನಡೆದು ಬಂದರು. ನಾಲ್ಕು ಜನರ ಎದುರು ಜೋರಾಗಿ ಕೆಮ್ಮಲೂ ಹಿಂಜರಿಯುವ ಮನುಷ್ಯ. ನೀಲಿ ಪಟ್ಟಿಯನ್ನು ಕೊರಳಿಂದ ತೆಗೆದು ಕಿಸೆಗೆ ತುರುಕಿದರು. ಸರಳಿನ ಸಂದಿಯಿಂದ ಕರಡಿಗೆ ತೆಗೆದುಕೊಂಡು, ಎಡ ಅಂಗೈಯಲ್ಲಿಟ್ಟು ಕಣ್ಣಿಗೊತ್ತಿಕೊಂಡು, ಶಿವದಾರ ಕೊರಳಿಗೆ ಹಾಕಿಕೊಂಡರು. ನಾನು ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಹಿಂದೆ ಹೋಗಿ ಗ್ಲಾಸಿನ ನೀರೆಲ್ಲ ಕುಡಿದರು. ಗಂಟಲು ಏಳುವುದು ಬೀಳುವುದು ನನಗೆ ಕಾಣುತ್ತಿತ್ತು.

"ಏನ್ರೀ ಇದು? ಹೊರಗಿಂದ ಏನೂ ತಗೋಬಾರದು ಅಂತ ನಿಯಮ ಇದೆ" ಎಂದರು ಗಡಿಯಾರದವರು.

"ಗೊತ್ತದ್ರಿ ಸರ್" ಎಂದರು ನಮ್ಮವರು. ದನಿ ಸಣ್ಣದಿತ್ತು, ಆದರೆ ಇತ್ತು. "ಲಿಂಗ ಮರ್ತು ಬಂದಿದ್ದೆ. ಅದಿಲ್ಲದ ನಾ ನೀರು ಕುಡ್ಯಾಂಗಿಲ್ಲ. ಸಕ್ರಿ ಬ್ಯಾನಿ ಅದ. ತಪ್ಪಾಗ್ಯದಂದ್ರ ನನ್ನ ಹೆಸರು ಹೊಡೀರಿ. ಆಕಿಗೆ ಏನೂ ಅನಬ್ಯಾಡ್ರಿ."

ಮೇಡಂ ಕನ್ನಡಕ ತೆಗೆದು ಒರೆಸಿದರು. "ಮುಂಜಾನೆಯಿಂದ ಹೀಗೇ ಇದ್ದೀರಾ? ಒಂದು ಮಾತು ಹೇಳಬಾರದಿತ್ತೇ?"

"ದೊಡ್ಡವರ ಮುಂದ ಹ್ಯಾಂಗ ಹೇಳೂದ್ರಿ?"

"ಹತ್ತು ನಿಮಿಷ ದೊಡ್ಡವರ ಮುಂದೆ ಮಾತಾಡೋಕೆ ತಾನೇ ಬಂದಿರೋದು ನೀವು?"

ಮೂವರೂ ತಲೆ ಹತ್ತಿರ ತಂದು ಏನೋ ಮಾತಾಡಿಕೊಂಡರು. ಅಷ್ಟು ಹೊತ್ತು ನಾನು ಸರಳು ಬಿಡಲಿಲ್ಲ. ಆಮೇಲೆ ಮೇಡಂ ಹೇಳಿದರು: "ಔಷಧಿ ತರಿಸಿಕೊಂಡರು ಅಂತ ಬರೀತೇನೆ. ಊಟ ಮಾಡಿ ಬನ್ನಿ. ನಿಲ್ಲಿಸಿದ ಕಡೆಯಿಂದ ಶುರು ಮಾಡಿ." ಗಡಿಯಾರದವರಿಗೆ ಒಪ್ಪಿಗೆ ಇತ್ತೋ ಇಲ್ಲವೋ, ಅವರು ಏನನ್ನೋ ಬರೆದುಕೊಂಡರು. ಆ ಬರವಣಿಗೆ ಏನಿರಬಹುದು ಎಂದು ನಾನು ಬಹಳ ದಿನ ಹೆದರಿದೆ.

ಊಟವಾದ ಮೇಲೆ ಅವರು ಮಾತು ಮುಗಿಸಿದರಂತೆ. ನಾನು ಕೇಳಲಿಲ್ಲ, ಕಾವಲಿನವರ ಸ್ಟೂಲಿನ ಹತ್ತಿರ ಕೂತಿದ್ದೆ. ಬಡ್ತಿಯ ಪಟ್ಟಿ ಮುಂದಿನ ತಿಂಗಳು ಬಂತು, ಕೆಳಗಿನ ಸಾಲಿನಲ್ಲಿ ಅವರ ಹೆಸರಿತ್ತು. ಆದರೆ ಆ ಸಂಜೆ ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ನಮಗೆ ಅದೊಂದೂ ಗೊತ್ತಿರಲಿಲ್ಲ. ಕಾರ್ಡು ಗೇಟಿನಲ್ಲೇ ಕೊಟ್ಟು ಬಂದಿದ್ದರು. ಇಬ್ಬರೂ ಗುಡಿಗೆ ಹೋಗಿ ಕೈ ಮುಗಿದು ಬಂದಿದ್ದೆವು.

"ಮೊಣಕಾಲಿಗೆ ಏನಾಗ್ಯದ?" ಎಂದು ಆಗ ಕೇಳಿದರು.

"ಜಾರಿದೆ. ಏನಾಗಿಲ್ಲ."

"ಉಂಡೀಯೇನು?"

ಉಂಡಿರಲಿಲ್ಲ. ಅತ್ತೆಯವರ ಮಾತು ಅವರ ಕೈಗೆ ಮುಟ್ಟಿಸುವವರೆಗೆ ಮಾತ್ರ ಇತ್ತು. ಆಮೇಲೆ ನನಗೆ ನೆನಪೇ ಆಗಿರಲಿಲ್ಲ. ಅವರು ನನ್ನ ಒಣಗಿದ ತುಟಿ ನೋಡಿದರು. ಹೋಗಿ ಒಂದು ಚಹಾ, ಬಿಸಿ ಭಜಿ ತಂದರು. ತಾವು ನಿಂತೇ ಇದ್ದು, ನಾನು ತಿನ್ನುವುದನ್ನು ಕೊನೆಯವರೆಗೂ ನೋಡಿದರು. "ಮತ್ತ ಮಾತು ಮರ್ತಿದ್ರೇನು ಅಲ್ಲಿ?" ಎಂದು ಕೇಳಿದೆ. "ಇಲ್ಲ. ಎಲ್ಲಾ ನೆನಪಿತ್ತು. ರೊಟ್ಟಿ ಸಪ್ಪಳ ಒಂದು ಇರ್ಲಿಲ್ಲ" ಎಂದರು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮಳೆ ನಿಂತಿತ್ತು. ಊರು ಬಿಡುವಾಗ ತಿರುಗಿ ನೋಡಿದೆ, ಗುಡಿಯ ಕಡೆ ಒಂದೆರಡು ದೀಪ ಹೊತ್ತಿಕೊಂಡಿದ್ದವು. ಅಡ್ಡ ಬಿದ್ದಿದ್ದ ಲಾರಿಯನ್ನು ರಸ್ತೆಯ ಬದಿಗೆ ಎಳೆದು ನಿಲ್ಲಿಸಿದ್ದರು. ಅದರ ಹತ್ತಿರ ಬಸ್ಸು ಒಮ್ಮೆ ಕುಲುಕಿತು. ನನ್ನ ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಕರಡಿಗೆ ಇರಲಿಲ್ಲ. ಎಲ್ಲಿ ಬಿತ್ತು, ಯಾವ ಕೆಸರಿನಲ್ಲಿ ಎಂದು ಎದ್ದೇ ನಿಂತೆ.

"ಯಾಕ, ಏನಾತು?" ಎಂದರು ಪಕ್ಕದಿಂದ.

ಅವರ ಅಂಗಿಯ ಗುಂಡಿಗಳ ನಡುವೆ ಅದರ ಉಬ್ಬು ಕಾಣುತ್ತಿತ್ತು. ಬಸ್ಸಿನ ತುಂಬ ಜನ, ನೋಡಿದರೆ ನೋಡಲಿ. ಕೈ ಚಾಚಿ ಮುಟ್ಟಿ ನೋಡಿದೆ. ಇತ್ತು. ಕೂತೆ. ಮನೆ ಮುಟ್ಟುವವರೆಗೆ ಮತ್ತೆ ಮತ್ತೆ ಮುಟ್ಟಿ ನೋಡಿದೆ.